ಸಹಾಯ ಬೇಕು: ಮಂಡಿ ಆಪರೇಷನ್‌ಗೆ ಮುಂಚೆನೇ ಫಿಸಿಯೋಥೆರಪಿ ಮಾಡಿಸಿದವರು ಯಾರಾದ್ರೂ ಇದೀರಾ?

ಎಲ್ರಿಗೂ ನಮಸ್ಕಾರ. ನಮ್ಮಮ್ಮಂಗೆ 67 ವರ್ಷ, ಎರಡೂ ಮಂಡಿ ಸವೆದಿದೆ, ಬಲಗಡೆದು ಮೊದ್ಲು ರಿಪ್ಲೇಸ್‌ಮೆಂಟ್ ಅಂದಿದಾರೆ, ಇನ್ನೂ 6 ವಾರ ಟೈಮ್ ಇದೆ. ಅಷ್ಟರಲ್ಲಿ ತೊಡೆ ಮುಂದಿನ ಸ್ನಾಯು ಗಟ್ಟಿ ಮಾಡ್ಕೊಂಡ್ರೆ ಆಮೇಲೆ ಎದ್ದು ಓಡಾಡೋಕೆ ಅನುಕೂಲ ಅಂತ ಫಿಸಿಯೋ ಒಂದು ಚೀಟಿ ಬರೆದು ಕಳಿಸಿದ್ರು, ಮಾತಾಡಿದ್ದು ಐದೇ ನಿಮಿಷ.

ಈಗ ಮನೇಲಿ ಮಾಡಿಸ್ತಿರೋದು ಏನಂದ್ರೆ ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು ಒತ್ತಿ 5 ಸೆಕೆಂಡ್ ಹಿಡಿಯೋದು, ಕಾಲು ನೆಟ್ಟಗಿಟ್ಟು ಮೇಲೆತ್ತೋದು, ಹಿಮ್ಮಡಿ ಜಾರಿಸ್ಕೊಂಡು ಮಂಡಿ ಮಡಚೋದು, ಒಂದೊಂದು 10 ಸಲ, ದಿನಕ್ಕೆ ಎರಡು ಹೊತ್ತು. ಟವೆಲ್‌ದು ಆರಾಮಾಗಿ ಮಾಡ್ತಾರೆ ಆದ್ರೆ ಕಾಲೆತ್ತಿದ್ರೆ ಸೊಂಟ ಹಿಡ್ಕೊಳ್ತು ಕಣೋ ಅಂತಾರೆ, ಇನ್ನೊಂದು ಕಾಲು ಮಡಚಿಟ್ಕೊಂಡು ಎತ್ತಿದ್ರೆ ಸೊಂಟಕ್ಕೆ ಭಾರ ಬೀಳಲ್ಲ ಅಂತ ಪರಿಚಯದವರೊಬ್ರು ಅಂದ್ರು, ನೀವೂ ಹಂಗೇ ಮಾಡಿಸಿದ್ರಾ? ಮತ್ತೆ ರಾತ್ರಿ ನೋವು ಜಾಸ್ತಿ ಆದ್ರೆ ಮಾರನೇ ದಿನ ಪೂರ್ತಿ ಬಿಡಿಸಿದ್ರಾ ಇಲ್ಲ ಕಮ್ಮಿ ಮಾಡಿಸಿದ್ರಾ?

ವಾಕರ್ ಈಗ್ಲೇ ತಂದು ನಡೆದು ರೂಢಿ ಮಾಡ್ಕೊಳ್ಳಿ ಅಂದಿದಾರೆ, ಅಮ್ಮ ಕೇಳಲ್ಲ, ವಾಕರ್ ಹಿಡಿದ್ರೆ ಕೇರಿಯವರೆಲ್ಲ ಏನಂತಾರೆ ಅಂತ ಹಠ. ನಮ್ಮದು ಹಳೇ ಮನೆ, ಇಂಡಿಯನ್ ಟಾಯ್ಲೆಟ್ಟು, ಅದರ ಮೇಲೆ ಇಡೋ ಕಮೋಡ್ ಕುರ್ಚಿ ಗಟ್ಟಿಮುಟ್ಟಾಗಿ ಬರುತ್ತಾ, ಅದೂ ಹೇಳಿ.

ನಾವಿರೋದು ತೀರ್ಥಹಳ್ಳಿ ಹತ್ರ ಹಳ್ಳಿ, ವಾರಕ್ಕೆ ಮೂರು ಸಲ ಶಿವಮೊಗ್ಗಕ್ಕೆ ಈ ಮಂಡಿ ಇಟ್ಕೊಂಡು ಬಸ್ಸಲ್ಲಿ ಕರ್ಕೊಂಡು ಹೋಗೋಕಾಗಲ್ಲ. ಮನೆಗೆ ಬರೋ ಅಥವಾ ವಿಡಿಯೋ ಕಾಲಲ್ಲಿ ನೋಡೋ ಫಿಸಿಯೋ ಗೊತ್ತಿದ್ರೆ ಇನ್‌ಬಾಕ್ಸ್ ಮಾಡಿ. ಮಂಡಿನೋವಿನ ಎಣ್ಣೆ ಮಾರೋರು ದಯವಿಟ್ಟು ಬೇಡ, ಮನೇಲಿ ಆಗ್ಲೇ ನಾಲ್ಕು ಬಾಟ್ಲಿ ಇದೆ.