ಪದಚರ್ಚೆ: ‘ದೆಮೋನಿಯೊ’ ಅಂದರೆ ದೆವ್ವವೋ, ಸೈತಾನನೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಮಾರಿಯೊ ಬಾವಾ ನಿರ್ದೇಶಿಸಿದ ಇಟಲಿಯ ಹಾರರ್ ಚಿತ್ರ ‘ಲಾ ಮಾಸ್ಕೆರಾ ದೆಲ್ ದೆಮೋನಿಯೊ’ (1960) ತೋರಿಸುತ್ತಿದ್ದೇವೆ. ಒಂದು ಪುಟದ ಪರಿಚಯ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಹೆಸರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಮಾಸ್ಕೆರಾ ಅಂದರೆ ಮುಖವಾಡ, ತಕರಾರಿಲ್ಲ. ದೆಮೋನಿಯೊಗೆ ಏನು ಹಾಕೋಣ?

‘ದೆವ್ವದ ಮುಖವಾಡ’ ಸಲೀಸಾಗಿ ಬಾಯಿಗೆ ಬರುತ್ತೆ. ಆದರೆ ನಮ್ಮ ದೆವ್ವ ಹಿಂದೆ ಯಾವುದೋ ಮನುಷ್ಯ. ಬಾವಿಗೆ ಬಿದ್ದು ಸತ್ತವಳು ದೆವ್ವವಾಗಿ ಹುಣಸೆಮರದಲ್ಲಿ ಕೂರುತ್ತಾಳೆ. ಈ ಚಿತ್ರದ ದೆಮೋನಿಯೊ ಯಾರೋ ಸತ್ತು ಆದದ್ದಲ್ಲ, ಕ್ರೈಸ್ತರ ಸೈತಾನ. ಕನ್ನಡ ಬೈಬಲ್‌ನಲ್ಲೂ ‘ದೆವ್ವ ಬಿಡಿಸುವುದು’ ಇದೆ, ನಿಜ. ಆದರೆ ಅಲ್ಲೂ ಸೈತಾನನ ಹೆಸರು ಬೇರೆಯೇ.

‘ಭೂತದ ಮುಖವಾಡ’ ಅಂತೂ ಬೇಡ. ತುಳುನಾಡಿನವರಿಗೆ ಭೂತ ಅಂದರೆ ಕೈಮುಗಿಯುವ ದೈವ. ಕೋಲದಲ್ಲಿ ಲೋಹದ ಮುಖವಾಡವೂ ಇರುತ್ತೆ, ಅದಕ್ಕೆ ಮರ್ಯಾದೆಯೂ ಇದೆ. ಬಾವಾ ಚಿತ್ರದ ಮುಖವಾಡ ಪೂರ್ತಿ ಉಲ್ಟಾ, ಶಿಕ್ಷೆಯ ಸಾಧನ. ಕಥೆ ಶುರುವಾಗೋದು 1630ರಲ್ಲಿ, ಪೂರ್ವ ಯುರೋಪಿನ ಮೊಲ್ಡಾವಿಯಾದಲ್ಲಿ. ಆಸಾ ಎಂಬ ರಾಜಕುಮಾರಿಯನ್ನು ಕಂಬಕ್ಕೆ ಕಟ್ಟಿದ್ದಾರೆ. ಶಿಕ್ಷೆ ಹೇಳುವವನು ಒಡಹುಟ್ಟಿದ ಅಣ್ಣ. ಬೆನ್ನಿಗೆ ಬರೆ ಎಳೆಯುತ್ತಾರೆ. ಆಮೇಲೆ ಮುಖವಾಡ ತರುತ್ತಾರೆ. ಅದರ ಒಳಮೈ ತುಂಬಾ ಮೊಳೆ. ಆ ಮೊಳೆಗಳು ನೇರ ಕ್ಯಾಮೆರಾ ಕಡೆಗೆ, ಅಂದರೆ ನಮ್ಮ ಮುಖಕ್ಕೇ ಬರುತ್ತವೆ. ನಂತರ ದೊಡ್ಡ ಸುತ್ತಿಗೆಯ ಒಂದೇ ಏಟು.

ಅಮೆರಿಕದವರು ಈ ತಲೆನೋವನ್ನೇ ಇಟ್ಟುಕೊಳ್ಳಲಿಲ್ಲ. 1961ರಲ್ಲಿ ‘ಬ್ಲ್ಯಾಕ್ ಸಂಡೇ’ ಅಂತ ಬಿಡುಗಡೆ ಮಾಡಿದರು. ಕನ್ನಡಕ್ಕೆ ‘ಕರಿ ಭಾನುವಾರ’ ಅಂದರೆ ಯಾರು ಹೆದರುತ್ತಾರೆ? ಭಾನುವಾರ ನಮಗೆ ಬಾಡೂಟದ ದಿನ. ಅಮಾವಾಸ್ಯೆ ಅಂದಿದ್ದರೆ ಬೇರೆ ಮಾತು.

ಇನ್ನೊಂದು ಪ್ರಶ್ನೆ ಪ್ರೇಕ್ಷಕರ ಬಗ್ಗೆ. ಇಟಲಿಯಲ್ಲಿ ಚಿತ್ರದ ಗಳಿಕೆ ಸಾಧಾರಣ. ಅಮೆರಿಕದಲ್ಲಿ ಚೆನ್ನಾಗಿ ಓಡಿತು. ಆದರೆ ಅಲ್ಲಿ ಸುಮಾರು ಮೂರು ನಿಮಿಷ ಕತ್ತರಿಸಿದ್ದರು, ರೊಬೆರ್ತೊ ನಿಕೊಲೋಸಿಯ ಸಂಗೀತ ತೆಗೆದು ಲೆಸ್ ಬ್ಯಾಕ್ಸ್‌ಟರ್ ಸಂಗೀತ ಸೇರಿಸಿದ್ದರು. ಬ್ರಿಟನ್‌ನಲ್ಲಿ 1968ರವರೆಗೆ ಪರವಾನಗಿಯೇ ಸಿಗಲಿಲ್ಲ. ಇದನ್ನೆಲ್ಲ ಬರೆಯುವಾಗ ‘ಪ್ರೇಕ್ಷಕರು ಹೆದರಿದರು’ ಅಂದರೆ ಅರ್ಧ ಮಾತ್ರ ಹೇಳಿದಂತೆ ಆಗುತ್ತೆ. ಕತ್ತರಿ ಬಿದ್ದದ್ದು ಬರೆ, ಮುಖವಾಡದಿಂದ ಚಿಮ್ಮುವ ರಕ್ತ ಇಂಥ ಕಡೆ. ಇದು ಭಯಾನಕ ಅಲ್ಲ, ಬೀಭತ್ಸ. ಮುಖವಾಡ ತೆಗೆದಾಗ ಕಣ್ಣಿನ ಗುಳಿಯಿಂದ ಚೇಳುಗಳು ಹರಿದು ಬರೋದೂ ಅದೇ ಜಾತಿ, ನೋಡಿದರೆ ಹೇಸಿಗೆಯಾಗುತ್ತೆ.

ಇನ್ನೊಂದು ಕಡೆ, ಆಸಾಳ ವಂಶದಲ್ಲಿ ಎಷ್ಟೋ ಕಾಲದ ಮೇಲೆ ಹುಟ್ಟಿದ ಕಾಟ್ಯಾ ಮೊದಲ ಸಲ ಕಾಣಿಸಿಕೊಳ್ಳುವ ದೃಶ್ಯ ಇದೆ. ಆಸಾ, ಕಾಟ್ಯಾ ಎರಡೂ ಪಾತ್ರ ಬಾರ್ಬರಾ ಸ್ಟೀಲ್ ಅವರದೇ. ಹಾಳು ಬಿದ್ದ ಬಾಗಿಲಲ್ಲಿ ಕಪ್ಪು ಬಟ್ಟೆ ತೊಟ್ಟು, ಎರಡು ದೊಡ್ಡ ನಾಯಿ ಹಿಡಿದು ಸುಮ್ನೆ ನಿಂತಿರುತ್ತಾಳೆ. ಒಂದು ಹನಿ ರಕ್ತ ಇಲ್ಲ. ಆದರೂ ಎದೆ ಝಲ್ ಅನ್ನುತ್ತೆ. ನನಗೆ ಚಿತ್ರದ ನಿಜವಾದ ಶಕ್ತಿ ಇದೇ ಅನ್ನಿಸುತ್ತೆ, ಸುತ್ತಿಗೆಯಲ್ಲ.

ಈ ಎರಡೂ ಸೇರಿದ್ದಕ್ಕೆ ನಾವು ‘ಹಾರರ್’ ಅಂದುಬಿಡುತ್ತೇವೆ. ಒಂದೇ ಕನ್ನಡ ಮಾತು ಇದೆಯಾ? ‘ಮೈ ಜುಮ್ಮೆನ್ನಿಸುವ’ ಬೇಡ, ಅದನ್ನು ಈಗ ಒಳ್ಳೆ ಹಾಡಿಗೂ ಹೇಳುತ್ತಾರೆ, ಅಲ್ವಾ?

ಆಸಾಳಿಗೆ ಸದ್ಯಕ್ಕೆ ಮಾಟಗಾತಿ ಅಂತಲೇ ಹಾಕಿದ್ದೇನೆ. ಅವಳು ನಿಂಬೆಹಣ್ಣು, ಗೊಂಬೆ ಇಟ್ಟು ಮಾಟ ಮಾಡಿಸುವವಳಲ್ಲ, ಸತ್ತ ಮೇಲೆ ರಕ್ತಪಿಶಾಚಿಯಾಗಿ ಏಳುವವಳು. ಆದರೂ ಮಕ್ಕಳ ಕಥೆಗಳಿಂದ ಈ ಪದ ಎಲ್ಲರಿಗೂ ಗೊತ್ತು.

ಹೆಸರಿಗೆ ‘ಸೈತಾನನ ಮುಖವಾಡ’ ಬರೆದಿಟ್ಟಿದ್ದೇನೆ. ‘ಪಿಶಾಚಿಯ ಮುಖವಾಡ’ ಕಿವಿಗೆ ಇನ್ನೂ ಚೆನ್ನ ಅನ್ನುವವರಿದ್ದರೆ ಕಾರಣ ಸಮೇತ ಬರೆಯಿರಿ. ತುಳುನಾಡಿನವರು, ಕ್ರೈಸ್ತ ಮನೆಗಳಲ್ಲಿ ಬೆಳೆದವರು ಏನಂತೀರಿ ಅನ್ನೋದು ನನಗೆ ಜಾಸ್ತಿ ಬೇಕಾಗಿದೆ.