ಪುಟ್ಟಿ, ಹಣ ಕಳಿಸುವ ಮೊದಲು ಇದನ್ನು ಪೂರ್ತಿ ಕೇಳು

ಪುಟ್ಟಿ, ನಿನ್ನ ಮೆಸೇಜು ಈಗ ಬೆಳಿಗ್ಗೆ ನೋಡಿದೆ. ರಾತ್ರಿ ಹನ್ನೊಂದೂವರೆಗೆ ಹಾಕಿದ್ದೀಯ, ನಿದ್ದೆ ಬಂದಿಲ್ಲ ಅಂತ ಅದರಲ್ಲೇ ಗೊತ್ತಾಗುತ್ತದೆ. ನಿನ್ನ ಅಡುಗೆ ಬರಹಗಳಿಗೆ ಸ್ವಂತ ವೆಬ್‌ಸೈಟ್ ಬೇಕು, ಯಾರೋ ಹುಡುಗ 18,000 ಕೇಳಿದ್ದಾನೆ. ವೆಬ್‌ಸೈಟಿನ ಹೆಸರು (ಡೊಮೇನ್ ಅಂತಾರಲ್ಲ, ಅದು), ಪುಟಗಳನ್ನು ಇಡುವ ಬಾಡಿಗೆ ಜಾಗ ಅಂದರೆ ಹೋಸ್ಟಿಂಗು, ಎಲ್ಲ "ನನ್ನ ಅಕೌಂಟಿನಲ್ಲೇ ಮಾಡಿಕೊಡ್ತೀನಿ, ನಿಮಗೆ ತಲೆಬಿಸಿ ಬೇಡ" ಅಂದಿದ್ದಾನೆ. ಒಂದು ತಿಂಗಳಲ್ಲಿ ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇನೆ ಅಂತಲೂ ಹೇಳಿದ್ದಾನೆ. ಕೊಡಲಾ ಬೇಡವಾ, ಯಾಕೋ ಹೆದರಿಕೆ ಆಗ್ತಿದೆ ಅಂತ ಕೇಳಿದ್ದೀಯ.

ನನ್ನ ಕಣ್ಣಿಗೆ ಬಿದ್ದದ್ದು 18,000 ಅಲ್ಲ. "ನನ್ನ ಅಕೌಂಟಿನಲ್ಲೇ" ಅನ್ನುವ ಮಾತು. ಓದಿದ ಕೂಡಲೇ ಎದೆ ಧಸಕ್ಕೆಂದಿತು. ವೆಬ್‌ಸೈಟಿನ ಹೆಸರು ಬೇರೆಯವರ ಅಕೌಂಟಿನಲ್ಲಿ ಬೇಡ. ಆ ಹುಡುಗ ಎಷ್ಟೇ ಒಳ್ಳೆಯವನಾಗಿರಲಿ, ಬೇಡ.

ನನ್ನ ಅಮ್ಮನ ಮದುವೆ ಹಾಡುಗಳಿಗೆ ಏನಾಯಿತು ಅಂತ ನಮ್ಮ ಮನೆಯವರ ಈ ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಹೇಗಾಯಿತು ಅಂತ ನಾನು ಯಾರ ಹತ್ತಿರವೂ ಕೂತು ಹೇಳಿಲ್ಲ. ನೀನಂತೂ ಆಗ ಇನ್ನೂ ಹೈಸ್ಕೂಲಿನಲ್ಲಿದ್ದೆ.

ಅಮ್ಮ, ಅಂದರೆ ನಿನ್ನ ಅಜ್ಜಿ, ಹೋದ ಮರುವರ್ಷ ಅಟ್ಟದ ಮೇಲಿನ ಟ್ರಂಕಿನಲ್ಲಿ ಆ ನಾಲ್ಕು ನೋಟುಪುಸ್ತಕ ಸಿಕ್ಕಿದ್ದು. ಎಣ್ಣೆಶಾಸ್ತ್ರದ ಹಾಡು, ಹಸೆಗೆ ಕರೆಯುವ ಹಾಡು, ಬೀಗರ ಹಾಡು, ಹೆಣ್ಣು ಒಪ್ಪಿಸುವ ಹಾಡು. ಒಟ್ಟು 212. ಕೆಲವು ಪೆನ್ಸಿಲಿನಲ್ಲಿ ಬರೆದದ್ದು, ಅಳಿಸಿಹೋಗುವ ಹಾಗಿತ್ತು. ಅದಕ್ಕೇ ನಾನು ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಹಾಕಿಸಿಕೊಂಡು, ಐವತ್ತು ದಾಟಿದ ಮೇಲೆ ಟೈಪ್ ಕಲಿತೆ. ರಾತ್ರಿ ಊಟದ ಪಾತ್ರೆ ತೊಳೆದಾದ ಮೇಲೆ ದಿನಕ್ಕೆ ಒಂದು ಹಾಡು. ಹೆಣ್ಣು ಒಪ್ಪಿಸುವ ಹಾಡು ಟೈಪ್ ಮಾಡಲು ಮೂರು ದಿನ ಹಿಡಿಯಿತು. ಎರಡು ಸಾಲು ಬರುವಷ್ಟರಲ್ಲಿ ಅಮ್ಮನ ದನಿಯೇ ಕೇಳಿದ ಹಾಗಾಗಿ ಮುಂದೆ ಹೋಗಲು ಆಗುತ್ತಿರಲಿಲ್ಲ.

2008ರಲ್ಲಿ ನಮ್ಮ ಸಾಗರ ಪೇಟೆಯಲ್ಲೇ ಕಂಪ್ಯೂಟರ್ ಕಲಿಸುತ್ತಿದ್ದ ಒಬ್ಬ ಹುಡುಗ ವೆಬ್‌ಸೈಟ್ ಮಾಡಿಕೊಟ್ಟ. ಒಳ್ಳೆಯ ಹುಡುಗ, ಈಗಲೂ ಹಾಗೇ ಹೇಳುತ್ತೇನೆ. ಮನೆಗೆ ಬಂದು ತಿಂಡಿ ತಿಂದು ಕೆಲಸ ಮಾಡಿದ. ಹಸೆ ಗೋಡೆಯ ಚಿತ್ತಾರದ ಫೋಟೋ ತೆಗೆದು ಪುಟದ ಮೇಲ್ಗಡೆ ಹಾಕಿದ. ಎಷ್ಟು ಚಂದ ಇತ್ತು ಅಂತೀಯ! "ಆಂಟಿ, ಹೆಸರು ನನ್ನ ಅಕೌಂಟಿನಲ್ಲೇ ಇರಲಿ, ವರ್ಷ ವರ್ಷ ನಾನೇ ರಿನ್ಯೂ ಮಾಡ್ತೀನಿ" ಅಂದ. ಇದೇ ಮಾತು, ಪುಟ್ಟಿ. ನಿನ್ನ ಹುಡುಗ ಹೇಳಿದ ಇದೇ ಮಾತು. ನಾನು ಪ್ರತಿ ವರ್ಷ ದೀಪಾವಳಿ ಹೊತ್ತಿಗೆ ಅವನ ಕೈಗೆ 1,500 ಕೊಡುತ್ತಿದ್ದೆ. ರಸೀದಿ ಇಲ್ಲ, ಪಾಸ್‌ವರ್ಡ್ ಇಲ್ಲ. ಕೇಳಬೇಕು ಅಂತಲೇ ಹೊಳೆಯಲಿಲ್ಲ.

ಆಗ ಫೇಸ್‌ಬುಕ್ ಥರದ ಆರ್ಕುಟ್ ಅಂತ ಇತ್ತಲ್ಲ, ಅದರಲ್ಲಿ ನಮ್ಮ ಕಡೆಯವರ ಗುಂಪೊಂದಿತ್ತು, ಕೆಳಗಿನಮನೆ ಭಾವನ ಮಗಳು ಅಲ್ಲಿ ಲಿಂಕ್ ಹಾಕಿದಳು. ಎಲ್ಲೆಲ್ಲಿಂದಲೋ ಜನ ಬಂದರು. ಕ್ಯಾಲಿಫೋರ್ನಿಯಾದಿಂದ ಒಬ್ಬಳು ಮೇಲ್ ಬರೆದಳು. ಮಗಳ ಮದುವೆ ಅಲ್ಲೇ ಆಗುತ್ತಿದೆ, ಒಪ್ಪಿಸುವಾಗ ಹಾಡಲು ಯಾರಿಗೂ ಪೂರ್ತಿ ಬರುವುದಿಲ್ಲ, ನಿಮ್ಮ ಪುಟ ತೆರೆದರೆ ಅಕ್ಷರ ಕಾಣುತ್ತಿಲ್ಲ ಅಂತ. ನಾವು ಟೈಪ್ ಮಾಡಿದ್ದು ನುಡಿಯ ಹಳೇ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೇ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರವನ್ನೂ ಚಿಹ್ನೆಗಳನ್ನೂ ಕಲಸಿ ಚೆಲ್ಲಿದ ಹಾಗೆ ಕಾಣುತ್ತದೆ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್, ಅದರಲ್ಲಿ ಕನ್ನಡ 1991ರಿಂದಲೇ ಇತ್ತು, ನಮಗೆ ಹೇಳುವವರು ಇರಲಿಲ್ಲ. ಕೊನೆಗೆ ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡಿಸಿ ಕಳಿಸಿದೆ. ಮದುವೆಯ ಫೋಟೋ ಕಳಿಸಿದಳು ಅವಳು. ಅದು ಈಗಲೂ ದೇವರ ಕೋಣೆಯ ಗೂಡಿನಲ್ಲಿದೆ.

2012ರಲ್ಲಿ ಆ ಹುಡುಗ ಕೆಲಸ ಸಿಕ್ಕಿ ದೂರ ಹೋದ. ಫೋನ್ ನಂಬರ್ ಬದಲಾಯಿತು. ಹಳೇ ಮೇಲ್ ನೋಡುವುದನ್ನೇ ಬಿಟ್ಟಿದ್ದನಂತೆ. ಅವಧಿ ಮುಗಿಯುತ್ತಿದೆ ಅಂತ ಬಂದ ಜ್ಞಾಪನೆಗಳೆಲ್ಲ ಆ ಮೇಲಿಗೇ ಹೋಗಿವೆ. ನನಗೆ ಒಂದೂ ಬಂದಿಲ್ಲ. ಬರುವುದಾದರೂ ಹೇಗೆ, ಅಲ್ಲಿ ನನ್ನ ಹೆಸರೇ ಇರಲಿಲ್ಲವಲ್ಲ.

ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳು. ಡಾಟ್ ಕಾಮ್ ಅಂತ ಕೊನೆಯಾಗುವ ಹೆಸರಿನ ಅವಧಿ ಮುಗಿದ ಕೂಡಲೇ ಕೈತಪ್ಪಿ ಹೋಗುವುದಿಲ್ಲ. ಸಾಮಾನ್ಯವಾಗಿ ಒಂದು ತಿಂಗಳು, ಹೆಚ್ಚೆಂದರೆ 45 ದಿನ, ಮಾಮೂಲಿ ಹಣ ಕಟ್ಟಿ ಉಳಿಸಿಕೊಳ್ಳಬಹುದು. ಆಮೇಲೆ 30 ದಿನ ದೊಡ್ಡ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ದಾಟಿದರೆ ಐದು ದಿನಕ್ಕೆ ಹೆಸರು ಬಿಡುಗಡೆಯಾಗುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ಹೀಗೆ ಕೈಬಿಟ್ಟ ಹೆಸರುಗಳಿಗೆ ಕಾಯುತ್ತಾ ಕೂತಿರುವವರೇ ಇದ್ದಾರೆ. ಜನ ಬಂದುಹೋಗಿ ರೂಢಿಯಾದ ಹೆಸರು ಅಲ್ವಾ, ಅವರಿಗೆ ಅದೇ ಬಂಡವಾಳ. ನನಗೆ ಗೊತ್ತಾಗುವ ಹೊತ್ತಿಗೆ ಎಲ್ಲ ಗಡುವೂ ಮುಗಿದಿತ್ತು.

ಗೊತ್ತಾದದ್ದು ಹೇಗೆ ಅಂದರೆ, ಮಾವನವರ ಸಹಸ್ರಚಂದ್ರ ದರ್ಶನದ ಕರೆಯೋಲೆಯ ಹಿಂದೆ ನಾನು ಪ್ರೀತಿಯಿಂದ ಆ ವೆಬ್‌ಸೈಟಿನ ವಿಳಾಸ ಅಚ್ಚು ಹಾಕಿಸಿದ್ದೆ. ಹುಬ್ಬಳ್ಳಿ ಅತ್ತಿಗೆ ಫೋನ್ ಮಾಡಿ, "ಅಕ್ಕಾ, ಇದೇನು ಹಾಕಿದ್ದೀರಿ, ಮಕ್ಕಳ ಮುಂದೆ ತೆರೆದೆ" ಅಂದರು. ತೆರೆದು ನೋಡಿದರೆ ಜೂಜಿನ ಜಾಹೀರಾತು. ಅಮ್ಮನ ಹಾಡು ಇದ್ದ ಜಾಗದಲ್ಲಿ ಜೂಜು. ಆ ದಿನ ನಾನು ಅಡುಗೆ ಮಾಡಲಿಲ್ಲ.

ಹುಡುಗನನ್ನು ಹುಡುಕಿ ಮಾತಾಡಿದೆ. ಪಾಪ, ಅತ್ತುಬಿಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಅದು ಹತ್ತರಲ್ಲಿ ಒಂದು ಕೆಲಸ, ನನಗೆ ಅದು ಅಮ್ಮ. ಹೋಸ್ಟಿಂಗ್ ಅವಧಿಯೂ ಮುಗಿದು ಕಡತಗಳು ಅಳಿಸಿಹೋಗಿದ್ದವು. ನಮ್ಮ ಮನೆಯ ಕಂಪ್ಯೂಟರ್ ಸಿಡಿಲಿಗೆ ಹೋಗಿ ಎರಡು ಮಳೆಗಾಲ ಆಗಿತ್ತು. ಆಮೇಲೆ ಯಾರೋ ಹೇಳಿದರು, ಇಂಟರ್ನೆಟ್ ಆರ್ಕೈವ್ ಅಂತ ಒಂದು ಸಂಸ್ಥೆ ಇದೆ, ವೇಬ್ಯಾಕ್ ಮಷೀನ್ ಅಂತ ಹಳೇ ಪುಟಗಳ ನಕಲು ಇಟ್ಟಿರುತ್ತದೆ ಅಂತ. ಅಲ್ಲಿ 140 ಹಾಡು ಸಿಕ್ಕಿತು. ಅದೂ ಹಳೇ ಫಾಂಟಿನ ಚಿಹ್ನೆಗಳ ರಾಶಿಯಾಗಿ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಕ್ಕೆ ಹಾಕಿ, ಒಂದೊಂದೇ ಒತ್ತಕ್ಷರ, ಅರ್ಕಾವತ್ತು ತಿದ್ದುತ್ತಾ ಕೂತೆ. ಮಿಕ್ಕ 72ರಲ್ಲಿ ಮೂವತ್ತು ಚಿಲ್ಲರೆ ನೋಟುಪುಸ್ತಕದಿಂದ ಮತ್ತೆ ಬರೆದೆ. ಉಳಿದದ್ದು ಪೆನ್ಸಿಲಿನದ್ದು. ಅಷ್ಟರಲ್ಲಿ ಮಾಸಿಹೋಗಿತ್ತು.

ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಹೇಳಿದ್ದನ್ನೇ ಹೇಳುತ್ತಾಳೆ ಅಂದುಕೊಂಡರೂ ಪರವಾಗಿಲ್ಲ. ಹೆಸರು ನಿನ್ನ ಅಕೌಂಟಿನಲ್ಲಿ, ನಿನ್ನ ಮೇಲ್ ಐಡಿಗೆ, ನಿನ್ನ ಫೋನ್ ನಂಬರಿಗೆ ಇರಬೇಕು. ಬೇರೆಯವರ ಅಕೌಂಟಿನಲ್ಲಿ ಬೇಡ.

ಮಾತು ಬಂತು ಅಂತ ಹೇಳುತ್ತೇನೆ. ಈ ಗ್ರೂಪಿನಲ್ಲಿ ಎಷ್ಟು ಜನ ಎಂಜಿನಿಯರ್ ಇದ್ದೀರಿ? ನಾನು ಎಣಿಸಿದ್ದೇನೆ, ಒಂಬತ್ತು. ಆವತ್ತು ನಾಲ್ಕು ಜನರಿಗಾದರೂ ಫೋನ್ ಮಾಡಿದ್ದೆ. "ದೊಡ್ಡಮ್ಮ, ವೀಕೆಂಡ್ ನೋಡ್ತೀನಿ" ಅಂದವರು ಇದ್ದೀರಿ. ಆ ವೀಕೆಂಡ್ ಬರಲೇ ಇಲ್ಲ. ನಿಮ್ಮ ಕೆಲಸದ ಒತ್ತಡ ನನಗೆ ಗೊತ್ತಿಲ್ಲ ಅಂತಲ್ಲ. ಆದರೆ ಅದು ನನ್ನೊಬ್ಬಳ ಅಮ್ಮನ ಹಾಡಾಗಿರಲಿಲ್ಲ. ಹೋದ ವೈಶಾಖದ ಮದುವೆಯಲ್ಲಿ ಒಪ್ಪಿಸುವ ಹೊತ್ತಿಗೆ ಸ್ಪೀಕರಿನಲ್ಲಿ ಯಾವುದೋ ಸಿನಿಮಾ ಹಾಡು ಹಾಕಿದಿರಿ. ನಾನು ಅಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದೆ. ಬ್ಯಾಗಿನಲ್ಲಿ ಹಾಡಿನ ಹಾಳೆ ಇತ್ತು. ಹಾಡ್ತೀಯಾ ಅಂತ ಒಬ್ಬರೂ ಕೇಳಲಿಲ್ಲ. ತಮ್ಮ ಒಮ್ಮೆ ಹೇಳಿದ್ದ, "ಅದನ್ನೆಲ್ಲ ಈಗ ಯಾರು ಓದ್ತಾರೆ" ಅಂತ. ಓದುವವರು ಕ್ಯಾಲಿಫೋರ್ನಿಯಾದಲ್ಲಿದ್ದರು. ಮನೆಯವರು ಓದಲಿಲ್ಲ ಅಷ್ಟೇ.

ಇರಲಿ ಬಿಡು. ನೀನೊಬ್ಬಳು ಬರೆಯಬೇಕು ಅಂತ ಹೊರಟಿದ್ದೀಯ, ಅದು ನನಗೆ ಎಷ್ಟು ಸಂತೋಷ ಅಂತ ಹೇಳಲಾರೆ. ಆ ಅಪ್ಪೆಹುಳಿ, ತೊಡದೇವು ಮಾಡುವ ಕ್ರಮ ಸರಿಯಾಗಿ ಬರೆದಿಡುವವರು ಬೇಕು.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವೇ ಹೇಳಲಿಲ್ಲ ನಾನು.

18,000 ಈಗಲೇ ಕೊಡಬೇಡ. ಬ್ಲಾಗರ್‌ನಲ್ಲಿ ಶುರು ಮಾಡು, ಬರಹ ಹಾಕಲು ಗೂಗಲ್‌ನವರು ಕೊಡುವ ಜಾಗ, ಹೋಸ್ಟಿಂಗ್ ಖರ್ಚಿಲ್ಲ. ನಿನ್ನ ಸ್ವಂತ ಹೆಸರನ್ನೂ ಅದಕ್ಕೆ ಜೋಡಿಸಬಹುದು. ಹೆಸರು ನೀನೇ ನಿನ್ನ ಕಾರ್ಡಿನಲ್ಲಿ ಕೊಂಡುಕೋ, ವರ್ಷಕ್ಕೆ ಇಷ್ಟು ಅಂತ ಕಟ್ಟಬೇಕಾಗುತ್ತದೆ. ಮೊದಲ ವರ್ಷ ಕಡಿಮೆ ರೇಟು ತೋರಿಸುತ್ತಾರೆ, ಎರಡನೇ ವರ್ಷದ್ದು ನೋಡಿ ತಗೋ. ಒಟ್ಟಿಗೇ ಹತ್ತು ವರ್ಷದವರೆಗೂ ಕಟ್ಟಬಹುದು. ನಾನಾದರೆ ಐದು ವರ್ಷಕ್ಕೆ ಕಟ್ಟುತ್ತಿದ್ದೆ. ತಾನಾಗಿ ರಿನ್ಯೂ ಆಗುವ ಹಾಗೆ ಇಡು, ಆದರೂ ಕ್ಯಾಲೆಂಡರಿನಲ್ಲಿ ಗುರುತು ಹಾಕು. ಕಾರ್ಡಿನ ಅವಧಿ ಮುಗಿದಿದ್ದರೆ ಅದು ಆಗುವುದಿಲ್ಲ.

ಅವನು ಈಗಾಗಲೇ ಹೆಸರು ಬುಕ್ ಮಾಡಿಬಿಟ್ಟಿದ್ದರೆ ಜಗಳ ಬೇಡ. ಅವನು ಹೆಸರು ಕೊಂಡ ಕಂಪನಿಯಲ್ಲೇ ನೀನೊಂದು ಅಕೌಂಟ್ ತೆರೆದು, ಅದಕ್ಕೆ ಹೆಸರು ದಾಟಿಸಿಕೊಡು ಅಂತ ಕೇಳು. ಹೊಸದಾಗಿ ಕೊಂಡ ಕಾಮ್ ಹೆಸರನ್ನು ಬೇರೆ ಕಂಪನಿಗೆ ಒಯ್ಯಲು ಮೊದಲ 60 ದಿನ ಬಿಡುವುದಿಲ್ಲ, ಆದರೆ ಒಂದೇ ಕಂಪನಿಯೊಳಗೆ ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ದಾಟಿಸಬಹುದು.

ಮೊದಲ ಪುಟದ ಗ್ಯಾರಂಟಿ ಸುಳ್ಳು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲು ಆಗುವುದಿಲ್ಲ ಅಂತ ಗೂಗಲ್‌ನವರೇ ಬರೆದಿದ್ದಾರೆ. ಜನ ಬರಬೇಕಾದರೆ ಒಂದು ಅಡುಗೆಗೆ ಒಂದು ಪುಟ ಮಾಡು. ಶೀರ್ಷಿಕೆಯಲ್ಲಿ ತಂಬುಳಿ ಅಂತ ಬರೆ, ಒಳಗೆ ತಂಬ್ಳಿ ಅಂತಲೂ ಬರಲಿ, ಇಂಗ್ಲಿಷ್ ಅಕ್ಷರದಲ್ಲೂ ಒಮ್ಮೆ ಬರಲಿ. ನಮ್ಮ ಹುಡುಗಿಯರು ಫೋನಿನಲ್ಲಿ ಹುಡುಕುವುದು ಹಾಗೇ. ಸರ್ಚ್ ಕನ್ಸೋಲ್ ಅಂತ ಗೂಗಲ್‌ನದ್ದೇ ಇದೆ, ದುಡ್ಡಿಲ್ಲ. ಅದರಲ್ಲಿ ನಿನ್ನ ಸೈಟ್ ಸೇರಿಸಿದರೆ ಜನ ಯಾವ ಪದ ಹಾಕಿ ಬಂದರು ಅಂತ ಕಾಣುತ್ತದೆ. ಇಲ್ಲಿ ಗ್ರೂಪಿನಲ್ಲಿ ಪೂರ್ತಿ ಅಡುಗೆ ಹಾಕಬೇಡ. ಎರಡು ಸಾಲು, ಒಂದು ಫೋಟೋ, ಕೆಳಗೆ ಲಿಂಕ್ ಹಾಕು.

ಅಂದಚಂದಕ್ಕೆ ತುಂಬಾ ತಲೆ ಕೆಡಿಸಿಕೊಳ್ಳಬೇಡ. ಯೂನಿಕೋಡ್‌ನಲ್ಲೇ ಬರೆ. ಅಕ್ಷರ ನೋಟೊ ಸಾನ್ಸ್ ಕನ್ನಡ ಸಾಕು. ಸಾಲುಗಳ ನಡುವೆ ಮಾತ್ರ ಜಾಗ ಜಾಸ್ತಿ ಬಿಡು. ಇಂಗ್ಲಿಷಿಗೆ ಮಾಡಿದ ವಿನ್ಯಾಸದಲ್ಲಿ ನಮ್ಮ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಎಲ್ಲವನ್ನೂ ನಿನ್ನ ಅಮ್ಮನ ಹಳೇ ಫೋನಿನಲ್ಲಿ ತೆರೆದು ನೋಡು, ಅದರಲ್ಲಿ ಓದಲು ಬಂದರೆ ಎಲ್ಲರಿಗೂ ಬರುತ್ತದೆ. ಫೋಟೋ ಚಿಕ್ಕದು ಮಾಡಿ ಹಾಕು, 200 ಕೆಬಿ ಒಳಗೆ. ಊರಿನ ನೆಟ್‌ವರ್ಕ್ ನಿನಗೆ ಗೊತ್ತಲ್ಲ. ತಿಂಗಳಿಗೊಮ್ಮೆ ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ತೆಗೆದು ನನಗೂ ಒಂದು ಮೇಲ್ ಮಾಡು. ಒಂದು ಪ್ರತಿ ನನ್ನ ಹತ್ತಿರವೂ ಇರಲಿ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಅಮ್ಮನ ಹಾಡುಗಳ ಬಗ್ಗೆ ಜನ ಅಲ್ಲಿ ಬರೆದ ಮಾತುಗಳನ್ನು ನಾನು ತೆಗೆದಿಟ್ಟುಕೊಳ್ಳಲಿಲ್ಲ.

ತಾಳು, ಹಾಲು ಉಕ್ಕುತ್ತಿದೆ.

ಹಾಂ. ಆ ಹುಡುಗನಿಗೆ ಇವತ್ತು ಏನೂ ಉತ್ತರ ಕೊಡಬೇಡ. ಅವನು ಕಳಿಸಿದ ಲೆಕ್ಕದ ಫೋಟೋ ನನಗೆ ಹಾಕು. ಮಧ್ಯಾಹ್ನ ಊಟ ಮುಗಿಸಿ ಎರಡೂವರೆ ಮೇಲೆ ಫೋನ್ ಮಾಡು, ನಾನು ಕಂಪ್ಯೂಟರ್ ಮುಂದೆಯೇ ಕೂತಿರುತ್ತೇನೆ. ಹೆಸರು ಕೊಳ್ಳುವಾಗ ಇಬ್ಬರೂ ಫೋನಿನಲ್ಲಿದ್ದೇ ಕೊಳ್ಳೋಣ. ಮತ್ತೆ ಮೊದಲು ಯಾವ ಅಡುಗೆ ಹಾಕುತ್ತೀಯ ಹೇಳು. ಅಪ್ಪೆಹುಳಿ ಆದರೆ ಅಜ್ಜಿ ಒಗ್ಗರಣೆಗೆ ಏನು ಹಾಕುತ್ತಿದ್ದಳು ಅಂತ ನಾನು ಹೇಳುತ್ತೇನೆ, ನಿನ್ನ ಅಮ್ಮನಿಗೆ ಅದು ಸರಿಯಾಗಿ ನೆನಪಿಲ್ಲ.