ಅಪ್‌ಡೇಟ್: ಅಪ್ಪನನ್ನು ಮಡಿಕೇರಿಯ ಲೈವ್ ಹಾಡಿಗೆ ಕರೆದುಕೊಂಡು ಹೋದೆ

ಕಿವಿಗೆ ಮೆಷಿನ್ ಹಾಕುವ ಅಪ್ಪನನ್ನು ಮಡಿಕೇರಿಯ ಪುಟ್ಟ ಕೆಫೆಯೊಂದರ ಲೈವ್ ಹಾಡಿಗೆ ಕರೆದುಕೊಂಡು ಹೋಗಬಹುದಾ ಅಂತ ಹೋದ ವಾರ ಇಲ್ಲಿ ಕೇಳಿದ್ದೆ. ಶನಿವಾರ ಹೋಗಿ ಬಂದೆವು.

ಸ್ಪೀಕರ್ ಎದುರು ಕೂರಬೇಡಿ ಅಂದಿದ್ದಿರಿ. ಹಿಂದಿನ ಸಾಲಲ್ಲಿ ಕೂತೆವು. ಮೆಷಿನ್‌ನಲ್ಲಿ ಸಂಗೀತಕ್ಕೇ ಬೇರೆ ಪ್ರೋಗ್ರಾಂ ಹಾಕಿಸಬಹುದು ಅಂತ ಒಬ್ಬರು ಹೇಳಿದ್ದರು. ಅದೇ ದೊಡ್ಡ ಉಪಕಾರ ಆಯ್ತು. ಮಾತಿಗೆ ಅಂತ ಮಾಡಿದ ಸೆಟ್ಟಿಂಗ್ ಕೆಲವೊಮ್ಮೆ ಕೊಳಲಿನ ಉದ್ದ ಸ್ವರವನ್ನೂ ಗದ್ದಲ ಅಂದುಕೊಂಡು ಅದುಮಿಬಿಡುತ್ತದಂತೆ. ಶುಕ್ರವಾರವೇ ಹಾಕಿಸಿಕೊಂಡು ಬಂದೆವು.

ಮೊದಲು ಗಿಟಾರು, ಕೊಳಲು. ಚೆನ್ನಾಗಿತ್ತು. ಆಮೇಲೆ ನಾಲ್ಕು ಜನ ದುಡಿ, ಅಂದರೆ ಕೊಡವರ ಪುಟ್ಟ ಚರ್ಮವಾದ್ಯ, ಹಿಡಿದು ಬಂದರು. ಹೊರಗೆ ಮಂಜು, ದುಡಿಯ ಚರ್ಮ ಥಂಡಿಗೆ ಸಡಿಲವಾಗಿತ್ತು. ಒಬ್ಬರು ಅಡುಗೆಮನೆ ಒಲೆ ಹತ್ತಿರ ಹಿಡಿದು, ಬೆರಳಲ್ಲಿ ತಟ್ಟಿ ನೋಡಿ, ಮತ್ತೆ ಬಿಸಿ ಮಾಡಿ ತಂದರು. ಇಬ್ಬರು ಒಂದು ಸಾಲು ಹಾಡಿದರೆ ಇನ್ನಿಬ್ಬರು ಅದನ್ನೇ ಎತ್ತಿಕೊಳ್ಳುತ್ತಿದ್ದರು. ಪಕ್ಕಕ್ಕೆ ತಿರುಗಿ ನೋಡಿದೆ. ಅಪ್ಪನ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು! ಮೂರು ವರ್ಷದಿಂದ ನಾನು ಅದನ್ನು ನೋಡಿರಲಿಲ್ಲ. ಕಣ್ಣು ತುಂಬಿ ಬಂತು.

ಮಧ್ಯೆ ಬಿಡುವಿನಲ್ಲಿ ಮಾತಿನ ಗದ್ದಲ ಜಾಸ್ತಿ ಆಗಿ ಅಪ್ಪನಿಗೆ ಕಷ್ಟ ಆಯ್ತು. ಕಾಫಿ ತಗೊಂಡು ಹತ್ತು ನಿಮಿಷ ಹೊರಗೆ ನಿಂತೆವು, ಸರಿಹೋಯ್ತು. ನೀವೂ ಯಾರನ್ನಾದರೂ ಕರೆದುಕೊಂಡು ಹೋಗುವುದಾದರೆ ಬಾಗಿಲ ಹತ್ತಿರವೇ ಕೂರಿ.

ರಾತ್ರಿ ಬಸ್ಸು ನಂಬಬೇಡಿ ಅಂದಿದ್ದೂ ಸರಿ. ಕಾರಲ್ಲೇ ಹೋಗಿದ್ದೆವು. ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್, ಮಂಜಿನಲ್ಲಿ ನಿಧಾನಕ್ಕೆ ಬಂದೆವು. "ಆ ಎಡಗಡೆಯವನ ದನಿ ಕೇಳಿದ್ಯಾ?" ಅಂತ ಅಪ್ಪ ದಾರಿಯಲ್ಲಿ ಮೂರು ಸಲ ಕೇಳಿದರು. ಮುಂದಿನ ಸಲ ಅಮ್ಮನೂ ಬರುತ್ತಾರಂತೆ.